ಗಾಜಿನ ಮೇಲೊಂದು ಸಾಲು

ಆ ಒಂದು ಸಾಲನ್ನು ಅಳಿಸಲು ಮರೆತದ್ದೇ ಗಾಜಪ್ಪನಿಗೆ ಮುಳುವಾಯಿತು.

ಗಾಜಪ್ಪ ಎಂಬುದು ಆಫೀಸಿನವರು ಇಟ್ಟ ಹೆಸರು. ಪೈಲಟ್‌ಗಳ ತರಬೇತಿಗೆಂದು ಕಟ್ಟಿದ ನಕಲಿ ಕಾಕ್‌ಪಿಟ್‌ನಲ್ಲಿ ಕಣ್ಣೆದುರು ನಿಲ್ಲುವ ಗಾಜೊಂದನ್ನು ನೋಡಿಕೊಳ್ಳುವುದು ಅವನ ಕೆಲಸ. ವೇಗ, ಎತ್ತರ, ದಿಗಂತದ ಗೆರೆ ಎಲ್ಲವೂ ಆ ಗಾಜಿನಲ್ಲಿ ಹಸಿರಾಗಿ ಮೂಡಿ ಬಹುದೂರದಲ್ಲಿ ತೇಲಿದಂತೆ ಕಾಣುತ್ತವೆ. ಪೈಲಟ್ ರನ್‌ವೇ ಮೇಲಿನ ನೋಟ ಕದಲಿಸದೆ ಎಲ್ಲವನ್ನೂ ಓದಿಕೊಳ್ಳಬಹುದು.

ಅಕ್ಷರಗಳು ಸ್ಪಷ್ಟವಾಗಿವೆಯೇ ಎಂದು ನೋಡಲು ಗಾಜಪ್ಪ ದಿನಾ ಏನಾದರೊಂದು ಬರೆದು ಪರೀಕ್ಷಿಸುತ್ತಿದ್ದ. ಒಂಟಿ ಜೀವ. ಮನೆಯಲ್ಲಿ ಅವನನ್ನು ಮಾತಾಡಿಸುತ್ತಿದ್ದದ್ದು ಸೋರುವ ನಲ್ಲಿ ಮಾತ್ರ. ಆ ಬೆಳಿಗ್ಗೆ, ವಿಮಾನ ನೆಲ ಮುಟ್ಟುವಾಗ ಮೂಡುವಂತೆ "ಊಟ ಆಯ್ತಾ?" ಎಂದು ಬರೆದ. ನಕಲಿ ವಿಮಾನ ಇಳಿಸಿ ನೋಡಿದಾಗ ಗಾಜು ಹಾಗೇ ಕೇಳಿತು. "ಇನ್ನೂ ಇಲ್ಲ" ಎಂದ. ಹಿತವೆನಿಸಿ, ಹಾಗೇ ಎದ್ದು ಬಂದುಬಿಟ್ಟ.

ನೆನಪಾಗುವಷ್ಟರಲ್ಲಿ ಪರೀಕ್ಷೆಗೆ ಬಂದ ಹಿರಿಯ ಕ್ಯಾಪ್ಟನ್ ಒಳಗೆ ಕೂತು ಬಾಗಿಲು ಹಾಕಿಕೊಂಡಾಗಿತ್ತು. ಆಕೆ ಬಂದರೆ ಫ್ಯಾನು ಕೂಡ ಸದ್ದಿಲ್ಲದೆ ತಿರುಗುತ್ತದೆ ಎಂದು ಆಫೀಸಿನಲ್ಲಿ ಪ್ರತೀತಿ.

"ಮೇನ್ ಸ್ವಿಚ್ ಎಳೆದುಬಿಡಪ್ಪ" ಎಂದು ಟೈಪಿಸ್ಟ್ ಅಕ್ಕ ಪುಕ್ಕಟೆ ಸಲಹೆ ಕೊಟ್ಟರು. ಗಾಜಪ್ಪ ಓಡಿಹೋಗಿ ಎಳೆದ. ಅದು ಲಿಫ್ಟಿನದು. ಒಳಗೆ ಸೂಪರ್‌ವೈಸರ್ ಇದ್ದರು. ಅವರು ಬಾಗಿಲು ಬಡಿಯುವ ಸದ್ದಿಗೆ ಗಾಬರಿಯಾಗಿ, ಯಾವ ಸ್ವಿಚ್ ಎಳೆದೆನೆಂಬುದೇ ಅವನಿಗೆ ಮರೆತುಹೋಯಿತು.

ಅಷ್ಟರಲ್ಲಿ ಕ್ಯಾಪ್ಟನ್ ಹೊರಬಂದರು. "ಗಾಜಿನ ಮೇಲೆ ಬರೆದೋರು ಯಾರು?"

"ಸೂಪರ್‌ವೈಸರ್ ಸಾಹೇಬ್ರು, ಮೇಡಂ" ಎಂದ ಪಕ್ಕದಲ್ಲಿದ್ದ ಗುಮಾಸ್ತ. ಗಾಜಪ್ಪನ ಕಿವಿಯಲ್ಲಿ, "ಅವ್ರು ಈ ತಿಂಗಳು ರಿಟೈರ್ ಆಗ್ತಾರೆ, ಯಾರೇನ್ ಮಾಡೋಕಾಗತ್ತೆ? ನೀನು ಬಾಯಿ ಮುಚ್ಕೊಂಡಿರು" ಎಂದು ಉಸುರಿದ.

ಕ್ಯಾಪ್ಟನ್ ಕುರ್ಚಿಯೊಂದರಲ್ಲಿ ಕುಳಿತರು. "ಇಷ್ಟು ವರ್ಷದಿಂದ ಹಾರಿಸ್ತಿದ್ದೀನಿ. ಯಾಕೆ ತಡ ಅಂತ ಎಲ್ಲರೂ ಕೇಳ್ತಾರೆ. ಊಟದ ವಿಷಯ ಯಾರೂ ಕೇಳಿರ್ಲಿಲ್ಲ. ನಾನೂ ಒಬ್ಬಳೇ ಉಣ್ಣೋಳು. ಅದನ್ನ ಬರೆದೋರ ಜೊತೆ ಇವತ್ತು ಊಟ ಮಾಡೋಣ ಅನ್ನಿಸ್ತು."

ಗಾಜಪ್ಪ ಬಾಯಿ ತೆರೆದ. ಗುಮಾಸ್ತ ಅವನ ಕಾಲು ತುಳಿದ.

ಲಿಫ್ಟಿನಿಂದ ಬಿಡುಗಡೆಯಾದ ಸೂಪರ್‌ವೈಸರ್ ಹಿಂಡಿದ ಬಟ್ಟೆಯಂತೆ ಬಂದು ನಿಂತರು. "ಬರೆದಿದ್ದು ನೀವಂತೆ?" ಎಂದು ಕ್ಯಾಪ್ಟನ್ ನಗುತ್ತ ಕೇಳಿದರು. ಏನು, ಎತ್ತ ಎಂದು ಸೂಪರ್‌ವೈಸರ್‌ಗೆ ತಿಳಿಯಲಿಲ್ಲ. ಆದರೆ ದೊಡ್ಡವರು ನಕ್ಕರೆ ಒಪ್ಪಿಕೊಳ್ಳಬೇಕು, ಗದರಿದರೆ ಕೆಳಗಿನವರ ಮೇಲೆ ಹಾಕಬೇಕು ಎಂಬುದು ಅವರ ಜೀವಮಾನದ ಅನುಭವ.

"ಏನೋ, ನನ್ನ ಕೈಲಾದದ್ದು ಮೇಡಂ" ಎಂದರು.

ಇಬ್ಬರೂ ಮೆಟ್ಟಿಲಿಳಿದು ಹೋದರು.

"ನೌಕರಿ ಉಳಿಸಿಕೊಟ್ಟೆ. ಒಂದು ಥ್ಯಾಂಕ್ಸ್ ಆದ್ರೂ ಹೇಳೋ" ಎಂದ ಗುಮಾಸ್ತ.

"ಥ್ಯಾಂಕ್ಸ್ ಅಣ್ಣ."

"ಬರ್ತೀನಪ್ಪ, ಮನೇಲಿ ಊಟಕ್ಕೆ ಕಾಯ್ತಿರ್ತಾರೆ" ಎಂದು ಅವನೂ ಹೊರಟ.

ಗಾಜಪ್ಪ ಕಿಟಕಿಗೆ ಬಂದ. ಕೆಳಗೆ ರಸ್ತೆಯಲ್ಲಿ ಕ್ಯಾಪ್ಟನ್ ಕೈಯಾಡಿಸುತ್ತ ಏನೋ ಹೇಳುತ್ತಿದ್ದರು. ಸೂಪರ್‌ವೈಸರ್ ಪಕ್ಕದಲ್ಲೇ ಫೋನ್ ತಿಕ್ಕುತ್ತ, "ಹೂಂ, ಹೂಂ" ಎನ್ನುವಂತೆ ತಲೆಯಾಡಿಸುತ್ತ ನಡೆಯುತ್ತಿದ್ದರು.