ನಮ್ಮ ಚೀಲ ಯಾವುದು?

ಒಂದೇ ಕೆಲಸವನ್ನು ಬಹಳ ವರ್ಷ ಮಾಡಿದವರಿಗೆ ಆ ಕೆಲಸ ತಮಗೆ ಬರುತ್ತದೆಂಬ ಭ್ರಮೆ ಹುಟ್ಟಿಕೊಳ್ಳುತ್ತದೆ. ನನ್ನ ಭ್ರಮೆಯಂತೂ ಹುಟ್ಟಿ, ಬೆಳೆದು, ಅದಕ್ಕೆ ಮೀಸೆಯೂ ಬಂದಿತ್ತು. ಸೇಡಂ ಹೊರಗಿನ ಸಣ್ಣ ಕಾರ್ಖಾನೆಯೊಂದರಲ್ಲಿ ನಾವು ಸಿಮೆಂಟ್ ತುಂಬುವ ಪ್ಲಾಸ್ಟಿಕ್ ಚೀಲ ನೇಯುತ್ತೇವೆ. ಅವನ್ನು ಬೆಳಕಿಗೆ ಹಿಡಿದು ಪಾಸು, ಫೇಲು ಎನ್ನುವವನು ನಾನು. ಆ ಚಟ ಬಿಡದೆ ಒಮ್ಮೆ ಮನೆಯಲ್ಲಿ ರೊಟ್ಟಿಯನ್ನೂ ಕಿಟಕಿಗೆ ಹಿಡಿದು ನೋಡಿದ್ದೆ. ಅಂದಿನಿಂದ ಹೆಂಡತಿ ನನ್ನ ತಟ್ಟೆಗೆ ರೊಟ್ಟಿ ಮುರಿದೇ ಹಾಕುತ್ತಾಳೆ.

ಹೋದ ಬೇಸಿಗೆಯಲ್ಲಿ ಮಾಲೀಕರು ಕರೆಸಿದರು. ಮೇಜಿನ ಮೇಲೆ ಏನೂ ಅಚ್ಚಾಗದ ಎರಡು ಚೀಲಗಳಿದ್ದವು. "ಇದರಾಗ ನಮ್ಮದು ಯಾವುದು ಹೇಳ್ರಿ," ಎಂದರು. ಒಂದನ್ನು ಬೆಳಕಿಗೆ ಹಿಡಿದೆ. ನೇಯ್ಗೆ ಎಷ್ಟು ಒತ್ತಾಗಿತ್ತೆಂದರೆ ನನಗೇ ಹೆಮ್ಮೆಯಾಯಿತು. ಇದೇ ನಮ್ಮದು ಎಂದೆ. ಇನ್ನೊಂದು ಕೆಲಸ ಬರದವರು ಯಾರೋ ಮಾಡಿದ್ದೆಂದು, ಕೇಳದಿದ್ದರೂ ಸೇರಿಸಿದೆ.

ಮಾಲೀಕರು ನಗಲಿಲ್ಲ. "ನಿಮ್ಮ ಕೈಯಾಗಿಂದು ವಿಯೆಟ್ನಾಂದು. ಕೆಲಸ ಬರದವ್ರು ನಾವೇ."

ಮಾಲೀಕರೇ ಬಿಡಿಸಿ ಹೇಳಿದರು. ಆ ಕಡೆಯ ದೇಶಗಳ ಜೊತೆ ನಮ್ಮ ದೇಶಕ್ಕೆ ಮುಕ್ತ ವ್ಯಾಪಾರದ ಒಪ್ಪಂದವಿದೆಯಂತೆ. ಅವರ ಸಿದ್ಧ ಚೀಲ ಸುಂಕವಿಲ್ಲದೆ ಒಳಗೆ ಬರುತ್ತದೆ. ಚೀಲ ನೇಯಲು ನಾವು ಹೊರಗಿನಿಂದ ತರಿಸುವ ಪ್ಲಾಸ್ಟಿಕ್ ಕಾಳಿಗೆ ಮಾತ್ರ ಸುಂಕ ಕಟ್ಟಬೇಕು. ಹಿಟ್ಟಿಗೆ ಸುಂಕ, ರೊಟ್ಟಿಗಿಲ್ಲ. ದೇಶದ ತುಂಬ ನಮ್ಮಂಥ ಕಾರ್ಖಾನೆಗಳ ಗೋಳು ಇದೇ ಎಂದರು ಮಾಲೀಕರು. ನಮ್ಮ ಗಿರಾಕಿ ಸಿಮೆಂಟ್ ಕಂಪನಿಯೂ ಅತ್ತ ವಾಲಿತ್ತು. ಆರ್ಡರ್ ತಪ್ಪಿದರೆ ಬಾಗಿಲಿಗೆ ಬೀಗವೇ. ಚಿಂಚೋಳಿ ದಾಟಿ ಕುಂಚಾವರಂ ಆಚೆಗೆ ಹೋಗದ ನನ್ನ ಅನ್ನಕ್ಕೆ, ಎಲ್ಲಿದೆಯೆಂದೇ ಗೊತ್ತಿಲ್ಲದ ದೇಶವೊಂದು ಕೈಹಾಕಿತ್ತು.

ಆಮೇಲೆ ಹೊಲಿಗೆ ವಿಭಾಗದ ನಾಗಮ್ಮನನ್ನು ಕರೆಸಿ ಅದೇ ಪ್ರಶ್ನೆ ಕೇಳಿದರು. ಅವಳು ಬೆಳಕಿನ ಗೊಡವೆಗೇ ಹೋಗದೆ ಅಂಚಿನ ಮೇಲೆ ಬೆರಳಾಡಿಸಿದಳು.

"ಇದು ನಮ್ದುರಿ. ಮೂರನೇ ಮಿಷನ್ ಅಂಚಿನಾಗ ಸೊಟ್ಟ ಹೊಲೀತದ. ಇವ್ರಿಗಿ ಭಾಳ ಸಲ ಹೇಳೀನ್ರಿ," ಎಂದು ನನ್ನನ್ನು ತೋರಿಸಿದಳು.

ಹೇಳಿದ್ದು ನಿಜ. ಹೆಣ್ಣುಮಗಳೊಬ್ಬಳು ನನಗೇನು ಕಲಿಸುವುದು ಎಂದುಕೊಂಡಿದ್ದೂ ನಿಜ.

ಮಿಷನ್ ರಿಪೇರಿಯಾಯಿತು. ಮಾಲೀಕರು ಹೊಸ ಚೀಲ ಹಿಡಿದು ಕಂಪನಿಗೆ ಅಲೆದರು. ಹಡಗು ತಡವಾದರೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ, ನಾವಾದರೆ ಅದೇ ದಿನ ತಲುಪಿಸುತ್ತೇವೆ ಎಂಬ ಅವರ ಮಾತು ನಾಟಿ ಅರ್ಧ ಆರ್ಡರ್ ಉಳಿಯಿತು. ಅರ್ಧ ಆರ್ಡರಿಗೆ ಎರಡು ಪಾಳಿ ಬೇಕಿಲ್ಲ, ಒಂದೇ ಸಾಕು. ಎರಡನೇ ಪಾಳಿಯವರು ವಾಡಿ, ಶಹಾಬಾದ್ ಕಡೆ ಕೆಲಸ ಹುಡುಕಿಕೊಂಡು ಹೋದರು. ಅವರು ಹೊರಟ ದಿನ ನಾನು ಗೇಟಿನ ಕಡೆ ಸುಳಿಯಲಿಲ್ಲ.

ತಪಾಸಣೆಯ ಮೇಜು ನಾಗಮ್ಮನಿಗೆ ಹೋಯಿತು; ನಾನು ಗೋದಾಮಿಗೆ ಹೋದೆ. ಮಾಲೀಕರು ಹೋಲಿಸಿ ನೋಡಲು ತರಿಸಿದ್ದ ವಿಯೆಟ್ನಾಂ ಚೀಲದ ಕಟ್ಟುಗಳೂ ನಮ್ಮ ಹಳೆಯ ಮಾಲಿನ ಜೊತೆ, ಅಚ್ಚಿಲ್ಲದೆ, ಅಲ್ಲೇ ಇದ್ದವು. ಮೊದಲ ದಿನವೇ ನಾಗಮ್ಮ ಬಂದು, ಬೆರಳಾಡಿಸಿ, ಕಟ್ಟಿನ ಮೇಲೆ ಕಟ್ಟು ಫೇಲು ಮಾಡಿ ಹೊರಗೆಳೆದಳು. ಅವರ ಮಾಲಿನಲ್ಲೂ ಹುಳುಕಿದೆಯಲ್ಲ ಎಂದು ನನಗೆ ಜೀವ ಬಂದಂತಾಯಿತು. ಇವು ವಿಯೆಟ್ನಾಂದವೇನು ಎಂದು ಆಸೆಯಿಂದ ಕೇಳಿದೆ.

"ಅಲ್ರಿ," ಎಂದಳು ತಲೆ ಎತ್ತದೆ. "ನೀವು ಪಾಸ್ ಮಾಡಿದ್ವು."