ವಿಂಡೋಸ್ ಒಣಗಿದ ಪ್ರಕರಣ

ವಿಂಡೋಸ್ ಎಂಬುದು ಒಣಗುವ ಸರಕು ಎಂದು ಸಂಸೆಯ ಕಾಫಿ ಬೆಳೆಗಾರರ ಸಂಘವು ೨೦೦೯ರಲ್ಲಿ ಸರ್ವಾನುಮತದಿಂದ ತೀರ್ಮಾನಿಸಿದೆ.

ಸಂಘದ ಲ್ಯಾಪ್‌ಟಾಪ್ ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಅಗ್ಗದ್ದು. ವರ್ಷ ತುಂಬುವುದರೊಳಗೆ ವೈರಸ್ ಹಿಡಿದು, ಬೆಳಿಗ್ಗೆ ಆನ್ ಮಾಡಿದರೆ ಊಟದ ಹೊತ್ತಿಗೆ ತೆರೆದುಕೊಳ್ಳುತ್ತಿತ್ತು. ಸಿಬ್ಬಂದಿಯ ಹಾಜರಾತಿಗೂ ಅದಕ್ಕೂ ಸರಿಹೊಂದುತ್ತಿದ್ದುದರಿಂದ ಯಾರೂ ದೂರಲಿಲ್ಲ. ದೂರಿದವರು ತಂಗಮ್ಮ ಒಬ್ಬರೇ. ತುಂಡು ತೋಟದ ಬೆಳೆಗಾರ್ತಿ. ಮಗಳು ಪಂಚಮಿಗೆ ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಬೆಳೆಗಾರರ ಮಕ್ಕಳ ಸೀಟು ಸಿಗಬೇಕಾದರೆ ಸಂಘದ ಪ್ರಮಾಣಪತ್ರ ಬೇಕು. ಶನಿವಾರ ಕಡೇ ದಿನ.

ಕಾರ್ಯದರ್ಶಿ ಅರ್ಪಿತಾ ಕಳಸದಿಂದ ಕಂಪ್ಯೂಟರ್ ರಿಪೇರಿಯ ಜುನೈದ್‌ನನ್ನು ಕರೆಸಿದರು. ಅವನು ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿದ. ಲಿನಕ್ಸ್ ಪುಕ್ಕಟೆ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಲ್ಯಾಪ್‌ಟಾಪ್ ಚುರುಕಾಯಿತು. ಅರ್ಪಿತಾ ಪ್ರಮಾಣಪತ್ರ ಟೈಪ್ ಮಾಡಿದರು. ಇನ್ನೇನು ಪ್ರಿಂಟ್ ಕೊಡಬೇಕು, ಅಷ್ಟರಲ್ಲಿ ದಾಸ್ತಾನು ತಪಾಸಣೆಗೆ ನಿರ್ದೇಶಕ ಓಂಕಾರಮೂರ್ತಿಯವರು ಬಂದರು.

"ಇದ್ರಲ್ಲಿ ವಿಂಡೋಸ್ ಇತ್ತಲ್ಲ, ಎಲ್ಲಿ?"

"ತೆಗ್ದೆ ಸಾರ್," ಎಂದ ಜುನೈದ್.

"ತೆಗ್ದು ಎಲ್ಲಿಟ್ಟೆ ಮಾರಾಯ?"

"ಎಲ್ಲೂ ಇಟ್ಟಿಲ್ಲ ಸಾರ್, ಅಳ್ಸಿದ್ದು. ಈಗ ಹಾಕಿರೋದು ಅದಕ್ಕಿಂತ ಚೆನ್ನಾಗಿದೆ."

"ಚೆನ್ನಾಗಿರೋದು ಬೇರೆ, ದಾಸ್ತಾನು ಬೇರೆ. ದುಡ್ಡು ಕೊಟ್ಟು ತಂದಿದ್ದು ಇಲ್ಲ, ಪುಕ್ಕಟೆದು ಇದೆ. ಹಂಗಾದ್ರೆ ಕಮ್ಮಿ ಆದ ಹಾಗಲ್ವಾ?"

ಕೂಡಲೇ ತುರ್ತುಸಭೆ ಸೇರಿತು. ಸಂಘದ ನಿಯಮದ ಪ್ರಕಾರ ದಾಸ್ತಾನು ಕಡಿಮೆಯಾಗಲು ಕಾರಣಗಳು ಎರಡೇ: ಕಳವು, ಇಲ್ಲವೇ ಒಣಗುವಿಕೆ. ಕಳವೆಂದರೆ ಪೊಲೀಸರು ಬರುತ್ತಾರೆ. ಬಂದವರು ಗೋದಾಮನ್ನೂ ನೋಡುತ್ತಾರೆ. ಹಸಿ ಕಾಫಿ ಒಣಗಿದಾಗ ತೂಕ ಇಳಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ, ವಿಂಡೋಸ್ ಒಣಗಿ ಹೋಗಿದೆಯೆಂದು ಅಧ್ಯಕ್ಷ ವಿಷ್ಣುಮೂರ್ತಿಯವರು ಘೋಷಿಸಿದರು. ಸಭೆ ನಿಟ್ಟುಸಿರು ಬಿಟ್ಟು ಚಪ್ಪಾಳೆ ತಟ್ಟಿತು.

"ಒಣಗಲಾರಂಭಿಸಿದ ಸರಕನ್ನು ಪೂರ್ತಿ ಒಣಗುವ ತನಕ ಕಣದಿಂದ ಎತ್ತತಕ್ಕದ್ದಲ್ಲ" ಎಂದು ಇನ್ನೊಂದು ನಿಯಮವಿತ್ತು. ಅದರಂತೆ ಲ್ಯಾಪ್‌ಟಾಪನ್ನು ಕಾಫಿ ಒಣಗಿಸುವ ಕಣದಲ್ಲಿ ಬಿಡಿಸಿ ಹರಡಲಾಯಿತು. ಜೂನ್ ತಿಂಗಳಾದ್ದರಿಂದ ಟಾರ್ಪಾಲು ಹೊದಿಸಲಾಯಿತು. ತೇವ ಅಳೆಯುವ ಮೀಟರ್ ಹಿಡಿದರೆ ಮುಳ್ಳು ಅಲುಗಲಿಲ್ಲ. ಮೀಟರ್ ಕೆಟ್ಟಿದೆ ಎನ್ನುವಂತಿರಲಿಲ್ಲ, ಅದರ ರಿಪೇರಿ ಖರ್ಚನ್ನು ನಿರ್ದೇಶಕರು ಆಗಲೇ ಪಡೆದಿದ್ದರು. ಹಾಗಾಗಿ ಮೀಟರಿಗೂ ಅಳೆಯಲಾಗದಷ್ಟು ತೇವ ಇದೆಯೆಂದು ಒಪ್ಪಲಾಯಿತು.

"ಅರ್ಪಿತಮ್ಮ, ಕೈಯಲ್ಲೇ ಬರ್ದು ಕೊಟ್ರಾಗಲ್ವಾ? ಹುಡುಗಿ ಚೆನ್ನಾಗಿ ಓದ್ತಾಳೆ," ಎಂದರು ತಂಗಮ್ಮ.

"ಕಂಪ್ಯೂಟರ್ ಬಂದ್ಮೇಲೆ ಕೈಯಲ್ಲಿ ಬರೆಯೋ ಹಾಗಿಲ್ಲ ಅಕ್ಕ. ಒಣಗ್ಲಿ, ಮೊದ್ಲು ನಿಮ್ದೇ."

ತಂಗಮ್ಮ ಕಾಫಿ ಒಣಗಿಸಿ ಪಳಗಿದವರು. ಬೇಗ ಒಣಗಲೆಂದು ಲ್ಯಾಪ್‌ಟಾಪನ್ನು ಗಳಿಗೆಗೊಮ್ಮೆ ಮಗುಚಿ ಹಾಕಿದರು. ಶನಿವಾರ ಕಳೆಯಿತು. ಸೀಟು ಬೇರೆಯವರ ಪಾಲಾಯಿತು. ಪಂಚಮಿ ಎರಡು ದಿನ ಊಟ ಮಾಡಲಿಲ್ಲ.

ಸಂಘಕ್ಕೂ ಕರುಳಿದೆ. ಲ್ಯಾಪ್‌ಟಾಪ್ ಮಗುಚುವ ಹುದ್ದೆಯೊಂದನ್ನು ಸೃಷ್ಟಿಸಿ ಪಂಚಮಿಯನ್ನೇ ದಿನಗೂಲಿಗೆ ನೇಮಿಸಿತು.

"ಇದು ಯಾವಾಗ ಒಣಗುತ್ತೆ ಸಾರ್?" ಎಂದು ಹುಡುಗಿ ಕೇಳಿದಳು.

"ಎಂತಕ್ಕೆ ಅವಸರ? ಒಣಗಿದ್ರೆ ನಿನ್ ಕೆಲ್ಸ ಹೋಗುತ್ತೆ," ಎಂದರು ಓಂಕಾರಮೂರ್ತಿಯವರು.

ಈಗ ಮಳೆ ಜೋರಾದಾಗ, ಲ್ಯಾಪ್‌ಟಾಪಿನ ಮೇಲೆ ನಾಲ್ಕು ಹನಿ ಬೀಳಲೆಂದು ಟಾರ್ಪಾಲಿನ ಒಂದು ಮೂಲೆಯನ್ನು ಎತ್ತಿಡುವವರು ತಂಗಮ್ಮನವರೇ.