ಗುಂಯ್‌ಗುಡದ ಗಿಟಾರು

ಭಾನುವಾರ ಬೆಳಿಗ್ಗೆ ಬೆಳ್ಳುಳ್ಳಿ ಅನ್ನ ಬಾಯಿಗಿಡುತ್ತಾ ನೆಸ್ತೋರ್ ಆಡಿದ ಒಂದು ಮಾತಿನಿಂದ ಇದೆಲ್ಲ ಶುರುವಾಯಿತು.

"ಆ ರೋವೆಲಿನ್ ಗಿಟಾರು ಏನು ತಣ್ಣಗಿರುತ್ತೆ ಅಂತೀಯ. ಇದೆ ಅಂತಾನೇ ಗೊತ್ತಾಗಲ್ಲ."

ಗಂಡನ ತಟ್ಟೆಗೆ ಹಾಕಬೇಕಿದ್ದ ಎರಡನೆಯ ಒಣಮೀನನ್ನು ಲುದಿವಿನಾ ತನ್ನ ತಟ್ಟೆಗೇ ಹಾಕಿಕೊಂಡಳು. ಇಗರ್ಜಿಯ ಗಾಯಕವೃಂದದಲ್ಲಿ ಅವಳು ಗಿಟಾರು ನುಡಿಸತೊಡಗಿ ಹದಿನಾಲ್ಕು ವರ್ಷ. ಅಷ್ಟು ದಿನವೂ ಅವಳ ಸ್ಪೀಕರು ಹೊತ್ತವನು ಈ ಮನುಷ್ಯನೇ. ಅವಳ ನುಡಿಸಾಣಿಕೆಯ ಬಗ್ಗೆ ಅವನು ಹೇಳಿದ್ದು ಮಾತ್ರ, "ಬೆನ್ನು ಹಿಡೀತು."

ಅವಳ ಗಿಟಾರಿಗೊಂದು ರೋಗವಿತ್ತು. ತಂತಿಗಳ ಕೆಳಗೆ ಕೂತು ನಾದ ಹಿಡಿಯುವ ಪಿಕಪ್‌ಗಳು ಕರೆಂಟಿನ ಸದ್ದನ್ನೂ ಹಿಡಿಯುತ್ತಿದ್ದವು. ಕೈ ನಿಂತೊಡನೆ ಜಾಡಿಯೊಳಗೆ ಜೇನ್ನೊಣ ಸಿಕ್ಕಿಕೊಂಡಂತೆ ಗುಂಯ್ ಎನ್ನುತ್ತಿತ್ತು. ಸಂತ ಜೋಸೆಫರ ಪ್ರತಿಮೆಯ ಕಡೆ ತಿರುಗಿ ನಿಂತರೆ ಗುಂಯ್ ಅರ್ಧವಾಗುತ್ತಿತ್ತು. ಹಾಗಾಗಿ ಅವಳು ಸದಾ ಜನರಿಗೆ ಬೆನ್ನು ಹಾಕಿಯೇ ನುಡಿಸುತ್ತಿದ್ದಳು. ಜೋಸೆಫರಿಗೆ ಏನೋ ಹರಕೆ ಹೊತ್ತಿರಬೇಕು ಎಂದು ಜನ ಸುಮ್ಮನಿದ್ದರು.

ಇವತ್ತು ಸಂಜೆಯ ಪೂಜೆಗೆ ಬಿಷಪ್ ಬರುವವರಿದ್ದರು. ವೃಂದದ ಮುಖ್ಯಸ್ಥ, ಎಲ್ಲರೂ ಕುಯಾ ಅಂದರೆ ಅಣ್ಣ ಎಂದು ಕರೆಯುವ ದೆಲ್ಫಿನ್, ಮೊದಲೇ ಹೇಳಿಬಿಟ್ಟಿದ್ದ: "ಒಂದೇ ಗಿಟಾರು ಸಾಕು. ಗಲಾಟೆ ಮಾಡದೇ ಇರೋದು." ಹಾಗೆ ಹೇಳುವಾಗ ಅವನು ನೋಡಿದ್ದು ರೋವೆಲಿನ್ ಕಡೆಗೆ. ಅವಳು ವೃಂದ ಸೇರಿ ಇನ್ನೂ ಆರು ತಿಂಗಳು.

ಲುದಿವಿನಾ ಗಿಟಾರನ್ನು ಹೆಗಲಿಗೇರಿಸಿ ಜೀಪ್ನಿ ಬಸ್ಸು ಹತ್ತಿ, ವಾದ್ಯದಂಗಡಿಗಳಿರುವ ಕಿಯಾಪೋ ಪೇಟೆಗೆ ಹೋದಳು.

ಅಂಗಡಿಯವನು ಗಾಜಿನ ಮೇಲೆ ಎರಡು ಜೊತೆ ಪಿಕಪ್ ಇಟ್ಟ. "ಇದು ಹಾಕಿದ್ರೆ ಗುಂಯ್ ಮುಕ್ಕಾಲು ಹೋಗುತ್ತೆ, ದನಿ ಹಂಗೇ ಉಳಿಯುತ್ತೆ. ಇನ್ನೊಂದು ಜೊತೇಲಿ ಒಂದರ ಮೇಲೊಂದು ಎರಡು ಸುರುಳಿ. ಒಂದು ಹಿಡಿದ ಸದ್ದನ್ನ ಇನ್ನೊಂದು ಕೊಂದುಹಾಕುತ್ತೆ. ದನಿ ಮಾತ್ರ ಒಂಚೂರು ಮಂಕು."

"ಪೂರ್ತಿ ಕೊಲ್ಲೋದೇ ಕೊಡಿ."

"ಗುಂಯ್‌ನ ತಾನೇ, ಮೇಡಂ?" ಎಂದ ಅವನು, ಅವಳ ಮುಖ ನೋಡಿ.

ಅಂಗಡಿಯಲ್ಲೇ ಹೊಸದು ಹಾಕಿಸಿಕೊಂಡು ಬಂದು, ಮಧ್ಯಾಹ್ನದ ತಾಲೀಮಿನಲ್ಲಿ ಅವಳು ಮೊದಲ ಬಾರಿಗೆ ಜನರ ಕಡೆ ತಿರುಗಿ ನಿಂತಳು. "ಅಯ್ಯೋ, ಇವಳಿಗೆ ಮುಖಾನೂ ಇದೆ," ಎಂದಳು ವೃಂದದ ಹಿರಿಯ ಹಾಡುಗಾರ್ತಿ ಅಲಿಂಗ್ ಪಾಸಿತಾ. ಗಿಟಾರು ಮಾತ್ರ ಮಲಗಿದ ಬೆಕ್ಕಿನಂತೆ ಸುಮ್ಮನಿತ್ತು. ದೆಲ್ಫಿನ್ ತಲೆದೂಗಿ, "ಸಂಜೆ ಲುದಿವಿನಾನೇ ನುಡಿಸಲಿ" ಎಂದ.

ರೋವೆಲಿನ್ ಪಕ್ಕಕ್ಕೆ ಬಂದು, ಆತೆ ಅಂದರೆ ಅಕ್ಕ ಎಂದು ಕರೆದು, ಮೆಲ್ಲಗೆ ಕೇಳಿದಳು: "ಆತೆ, ಹಳೇ ಪಿಕಪ್ ಏನ್ಮಾಡ್ತೀರಾ? ನಂಗೆ ಕೊಡ್ತೀರಾ? ನಿಮ್ಮ ಗಿಟಾರಿನ ಆ ಗಂಟೆಯಂಥ ದನಿ ಕೇಳಿ ಎಷ್ಟು ಹೊಟ್ಟೆಕಿಚ್ಚುಪಟ್ಟಿದ್ದೀನಿ ಗೊತ್ತಾ?"

ಆ ಮಾತು ಕಿವಿಗೆ ಬಿದ್ದೊಡನೆ ಲುದಿವಿನಾಳ ಹೊಟ್ಟೆ ಹಾಲು ಕುಡಿದಷ್ಟು ತಂಪಾಯಿತು. ಬೆಕ್ಕಿಗೆ ಮೀನಿನ ತಲೆ ಹಾಕುವವಳ ಹಾಗೆ ಹಳೆಯ ಪಿಕಪ್‌ಗಳ ಪೊಟ್ಟಣ ತೆಗೆದು ಕೊಟ್ಟಳು. "ತಗೋ ಮಗಳೇ. ನಂಗ್ಯಾಕೆ ಆ ಕಸ?"

ಸಂಜೆ ಇಗರ್ಜಿ ತುಂಬಿತ್ತು. ಮೊದಲ ಹಾಡುಗಳು ಸಲೀಸಾಗಿ ಹೋದವು. ಅವಕ್ಕೆ ಗಿಟಾರೇ ಮುಂದು. ಆಮೇಲೆ ಕೀರ್ತನೆ. ಅದನ್ನು ಎತ್ತಿಕೊಳ್ಳುವುದು ಅಲಿಂಗ್ ಪಾಸಿತಾಳ ಬರಿಗಂಟಲು. ಶ್ರುತಿ ತನಗೆ ಹುಟ್ಟಿನಿಂದಲೇ ಬಂದದ್ದು ಎನ್ನುವ ಆಕೆ ತಾಲೀಮಿಗೂ ಅದನ್ನು ಹಾಡುತ್ತಿರಲಿಲ್ಲ.

ಪಾಸಿತಾ ಎದ್ದಳು. ಬಾಯಿ ತೆರೆದಳು. ಮುಚ್ಚಿದಳು. ಬಸ್ಸು ತಪ್ಪಿದವಳಂತೆ ಅತ್ತಿತ್ತ ನೋಡಿದಳು, ಸ್ಪೀಕರನ್ನು ನೋಡಿದಳು. ಕೊನೆಗೆ ಕಣ್ಣುಮುಚ್ಚಿ ಸೂರಿಗೆ ತಾಗುವಷ್ಟು ಎತ್ತರದಲ್ಲಿ ಶುರುಮಾಡಿದಳು. ಹೆಂಗಸರು ಅರ್ಧದವರೆಗೆ ಏರಿ ಕೈಬಿಟ್ಟರು. ಗಂಡಸರು ನೆಲಮಾಳಿಗೆಯಷ್ಟು ಕೆಳಗಿನ ದನಿಯಲ್ಲಿ ಬೇರೆಯೇ ಕೀರ್ತನೆ ಹಾಡಿದರು. ಬಿಷಪ್ ತಲೆ ತಗ್ಗಿಸಿದರು. ಪ್ರಾರ್ಥನೆಗೋ ನಗುವಿಗೋ ತಿಳಿಯಲಿಲ್ಲ.

"ಎಲ್ಲೇ ಅದು?" ಕೂತವಳೇ ಪಾಸಿತಾ ಪಿಸುಗುಟ್ಟಿದಳು.

"ಯಾವುದು?"

"ನಿನ್ನ ಜೇನ್ನೊಣ ಕಣೇ. ಇಷ್ಟು ವರ್ಷ ಅದನ್ನ ಹಿಡ್ಕೊಂಡೇ ಅಲ್ವಾ ನಾನು ಹಾಡ್ತಿದ್ದದ್ದು."

ಮುಂದೆ ಅಲ್ಲೆಲೂಯ. ಅದೂ ಬರಿಗಂಟಲಿನದೇ. ದೆಲ್ಫಿನ್ ಬೆವರುತ್ತಾ ತಿರುಗಿದ. ಯಾರೂ ಕರೆಯದಿದ್ದರೂ ಗಿಟಾರು ತಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ರೋವೆಲಿನ್ ಎದ್ದು ಬಂದು, ಲುದಿವಿನಾಳ ವಯರು ಕಿತ್ತು ತನ್ನದಕ್ಕೆ ಸಿಕ್ಕಿಸಿದಳು.

ಗುಂಯ್.

ಪಾಸಿತಾಳ ಮುಖ ಕಳೆದ ಮಗು ಸಿಕ್ಕಂತೆ ಅರಳಿತು. ಅಲ್ಲೆಲೂಯ ಕಂಬಗಳನ್ನು ನಡುಗಿಸಿತು. ಪೂಜೆ ಮುಗಿದ ಮೇಲೆ ಬಿಷಪ್ ರೋವೆಲಿನ್ ತಲೆ ಮೇಲೆ ಕೈಯಿಟ್ಟರು. ಪ್ರತಿ ಭಾನುವಾರವೂ ಅವಳೇ ನುಡಿಸಲಿ ಎಂದು ದೆಲ್ಫಿನ್ ಅಲ್ಲೇ ಹೇಳಿಬಿಟ್ಟ.

"ಇಷ್ಟು ಬೇಗ ಯಾರೇ ಹಾಕಿಕೊಟ್ಟಿದ್ದು?" ಲುದಿವಿನಾ ಕೇಳಿದಳು.

"ಕುಯಾ ನೆಸ್ತೋರ್. ಅರ್ಧ ಗಂಟೇಲಿ ಬೆಸುಗೆ ಹಾಕಿಬಿಟ್ರು, ಆತೆ."

ಸ್ಪೀಕರು ಹೊತ್ತು ಮುಂದೆ ನಡೆಯುತ್ತಿದ್ದ ಗಂಡನ ಬೆನ್ನನ್ನು ನೋಡುತ್ತಾ ಅವಳು ಬೀದಿ ಕೊನೆಯವರೆಗೂ ನಡೆದಳು.

"ನಿಂಗೆ ಬೆಸುಗೆ ಬರುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ."

"ನೀನು ಯಾವತ್ತು ಕೇಳಿದ್ದೆ?" ನೆಸ್ತೋರ್ ಸ್ಪೀಕರನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ. ಹೆಂಡತಿ ಬೇಸರದಲ್ಲಿದ್ದಾಳೆ, ಏನಾದರೂ ಒಳ್ಳೆಯದು ಹೇಳಬೇಕು ಎಂದು ಅವನಿಗೂ ಅನ್ನಿಸಿತು.

"ಏನೇ ಹೇಳು, ಇವತ್ತು ನಿನ್ನ ಗಿಟಾರು ಏನು ತಣ್ಣಗಿತ್ತು ಅಂತೀಯ," ಎಂದ. "ಇದೆ ಅಂತಾನೇ ಗೊತ್ತಾಗಲಿಲ್ಲ."